ಅರ್ಧ ಸೆಕೆಂಡು

ಬೋರ್ಡಿನಿಂದ ನಾಲ್ಕರ ಅಂಕಿ ಕಿತ್ತು ಐದನ್ನು ಸಿಕ್ಕಿಸುವಷ್ಟರಲ್ಲಿ ಹುಡುಗಿ ಸ್ಕೇಟ್ ಮಾಡುತ್ತ ದಾಟಿಹೋಗಿದ್ದಳು. ಅನಿಕೇತ ತಡವಾಗಿ ಎತ್ತಿದ ಬೋರ್ಡನ್ನು ಯಾರೂ ನೋಡಲಿಲ್ಲ.

"ಲಗೂ ಎತ್ತೋ. ನಿದ್ದಿ ಬಂತೇನು?" ಐಸಿನ ಆಚೆ ಬದಿಯಿಂದ ಹೆಂಡತಿ ಹೈಕೆ ಕೂಗಿದಳು.

ಜರ್ಮನಿಯವಳು. ಸ್ಪೀಡ್ ಸ್ಕೇಟಿಂಗಿನಲ್ಲಿ ಎರಡು ಸಲ ವಿಶ್ವ ಚಾಂಪಿಯನ್. ಕನ್ನಡ ಕಲಿತದ್ದು ಧಾರವಾಡದ ಅತ್ತೆ ನಾಗವ್ವನಿಂದ, ಲಂಡನ್ನಿನ ಕ್ರೋಯ್ಡನ್ ಫ್ಲ್ಯಾಟಿನ ಅಡುಗೆಮನೆಯಲ್ಲಿ. ಹೀಗಾಗಿ ತಾಯಿ ಅವನನ್ನು ಬೈಯುವಂತೆಯೇ ಹೆಂಡತಿಯೂ ಬೈಯುತ್ತಿದ್ದಳು.

ಶನಿವಾರ ಬೆಳಿಗ್ಗೆ ಒಂದು ಗಂಟೆ ಅವಳಿಗೆ ಈ ಐಸ್ ರಿಂಕು ಸಿಗುತ್ತದೆ, ಮಕ್ಕಳಿಗೆ ಕಲಿಸಲು. ಇಡೀ ಲಂಡನ್ನಿನಲ್ಲಿ ಅವಳು ಓಡುತ್ತಿದ್ದಂಥ ನಾನೂರು ಮೀಟರಿನ ಟ್ರ್ಯಾಕ್ ಒಂದೂ ಇಲ್ಲ. ಇಲ್ಲಿ ಅವಳು ವೇಗ ಹಿಡಿಯುವಷ್ಟರಲ್ಲಿ ಗೋಡೆ ಬರುತ್ತದೆ. ಪ್ರತಿ ಸುತ್ತಿನ ಸಮಯವನ್ನು ಬೋರ್ಡಿನಲ್ಲಿ ತೋರಿಸುವವಳು ಇಂದು ಬಂದಿರಲಿಲ್ಲ. ಹನ್ನೊಂದು ವರ್ಷದ ನಂತರ ಬೋರ್ಡು ಅನಿಕೇತನ ಕೈಗೆ ಬಂದಿತ್ತು.

ಹುಡುಗಿಯ ತಾಯಿ ಪ್ರಿಯಾಂಕಾ ಪಕ್ಕಕ್ಕೆ ಬಂದು ನಿಂತಳು. ಬೆಂಗಳೂರಿನವಳು, ಈಗ ಇಲ್ಲೇ ಹತ್ತಿರದ ಸಟನ್ನಿನಲ್ಲಿ ಮನೆ.

"ಸರ್, ಬೋರ್ಡಲ್ಲಿ ಅರ್ಧ ಸೆಕೆಂಡ್ ಕಮ್ಮಿ ತೋರಿಸ್ತೀರಾ? ಸಿರಿಶಾಗೆ ಖುಷಿಯಾಗುತ್ತೆ."

"ಸುಳ್ಳಲ್ವಾ?"

"ಎನ್ಕರೇಜ್‌ಮೆಂಟ್ ಸರ್. ಗ್ರಾಮರ್ ಸ್ಕೂಲ್ ಎಂಟ್ರೆನ್ಸ್ ಟ್ಯೂಷನ್ನಲ್ಲೂ ಹಾಗೇ ಜಾಸ್ತಿ ಮಾರ್ಕ್ಸ್ ಕೊಡ್ತಾರೆ."

"ಕಮ್ಮಿ ತೋರಿಸಿದ್ರೆ, ಇಷ್ಟು ಸಾಕು ಅಂದ್ಕೊಂಡು ನಿಧಾನ ಮಾಡ್ತಾಳೆ."

"ನಿಮಗೆ ಹೇಗೆ ಗೊತ್ತು?"

ಅವನು ನಿಜವಾದ ಸಂಖ್ಯೆಯನ್ನೇ ಎತ್ತಿದ. ಸಿರಿಶಾಳ ಮುಖ ಸಣ್ಣದಾಯಿತು. ಪ್ರಾಮಾಣಿಕನಾದದ್ದಕ್ಕೆ ಅವನಿಗೆ ಏನೂ ಅನ್ನಿಸಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವನು ಜರ್ಮನ್ ತಂಡದಲ್ಲಿ ವೇಗದ ಲೆಕ್ಕ ನೋಡುವವನಾಗಿದ್ದ. ಮೂರು ಸಾವಿರ ಮೀಟರಿನ ಓಟಕ್ಕೆ ಕೋಚು ಬೋರ್ಡನ್ನು ಅವನಿಗೆ ಕೊಟ್ಟಿದ್ದ. ಗೆದ್ದರೆ ಇನ್ನೂ ನಾಲ್ಕು ವರ್ಷ ಓಡುತ್ತೇನೆ, ಸೋತರೆ ಬಿಟ್ಟು ನಿನ್ನ ಜೊತೆ ಬರುತ್ತೇನೆ ಎಂದಿದ್ದಳು ಹೈಕೆ. ಲಂಡನ್ನಿನ ಕೆಲಸದ ಪತ್ರ ಅವನ ಜೇಬಿನಲ್ಲಿತ್ತು. ಎರಡು ಸುತ್ತು ಉಳಿದಾಗ, ಆಗಷ್ಟೇ ಮುಗಿಸಿದ ಸುತ್ತಿಗೆ ಅವಳ ಸಮಯ ಮೂವತ್ತೆರಡು ಪಾಯಿಂಟ್ ಒಂದು ಸೆಕೆಂಡು. ಅವನು ಮೂವತ್ತೊಂದು ಪಾಯಿಂಟ್ ಆರು ತೋರಿಸಿದ. ಒಂದು ಸುತ್ತು ಉಳಿದಾಗ ಮತ್ತೆ ಅಷ್ಟೇ ಕದ್ದ. ಅವಳು ಸೋತದ್ದು ಸೆಕೆಂಡಿನ ನೂರರಲ್ಲಿ ಆರು ಭಾಗದಿಂದ.

ಓಟದ ನಂತರ ಪ್ರತಿ ಸುತ್ತಿನ ಸಮಯ ಅಚ್ಚಾದ ಹಾಳೆ ಎಲ್ಲರಿಗೂ ಸಿಕ್ಕಿತು. ಹೈಕೆ ಅದನ್ನು ಓದಿ, ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿದ್ದನ್ನು ಅವನು ಕಂಡಿದ್ದ. ಬೋರ್ಡಿನ ಬಗ್ಗೆ ಅವಳು ಏನೂ ಕೇಳಲಿಲ್ಲ. ಮುಂದಿನ ತಿಂಗಳು ಮದುವೆಯಾದರು.

ಅವಳಿಗೆ ಗೊತ್ತೆ? ಗೊತ್ತಿದ್ದೂ ಬಂದಳೆ? ಹಾಗಿದ್ದರೆ ಈ ಹನ್ನೊಂದು ವರ್ಷ ತಾನು ಯಾರ ಜೊತೆ ಊಟ ಮಾಡುತ್ತಿದ್ದೇನೆ? ಇಂದು ಹೇಳಿ ಮುಗಿಸಬೇಕು.

ತರಗತಿ ಮುಗಿದು ಎಲ್ಲರೂ ಹೋದರು. ಹೈಕೆ ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ಅವನು ಮಂಡಿಯೂರಿ ಲೇಸು ಬಿಚ್ಚಿದ. ಅವಳ ಇಪ್ಪತ್ತಾರನೆಯ ವಯಸ್ಸಿನ ಪಾದದ ಅಚ್ಚು ತೆಗೆದು ಮಾಡಿದ ಬೂಟು, ಕಾಲುಚೀಲವಿಲ್ಲದೆ ಹಾಕುವಂಥದ್ದು.

"ಹೈಕೆ, ಒಂದು ಮಾತು ಹೇಳಬೇಕಿತ್ತು."

"ಅತ್ತಿ ಫೋನ್ ಮಾಡಿದ್ದರು. ಬರೋ ಮುಂದ ಟೂಟಿಂಗ್‌ನ್ಯಾಗ ಇಳಿದು ಕರಿಬೇವು ತರಬೇಕಂತ."

"ತರೋಣಂತ. ಆವತ್ತಿನ ಬೋರ್ಡು..."

"ಹಸೀದು ತರ್ರಿ ಅಂದಾರ. ಹೋದ ಸಲ ನೀ ಒಣಗಿದ್ದು ತಂದಿದ್ದಿ."

ಅವಳ ದನಿಯಲ್ಲಿ ಏನೂ ಇರಲಿಲ್ಲ. ಅವನು ಬೂಟನ್ನು ಜಗ್ಗಿದ. ಅದು ಬರಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ಕಳಚಿ ಅವನ ಎದೆಗೆ ಬಡಿಯಿತು. ಹಿಮ್ಮಡಿಯ ಚರ್ಮ ಸುಲಿದು ಕೆಂಪಾಗಿತ್ತು. ಅಗಲವಾದ, ಗಂಟುಗಂಟಾದ ಈ ಪಾದ ಪ್ರತಿ ಶನಿವಾರ ಆ ಹಳೆಯ ಪಾದದ ಅಚ್ಚಿನೊಳಗೆ ಹೋಗಿ ಬರುತ್ತಿತ್ತು, ಅವಳು ಒಮ್ಮೆಯೂ ನೋವೆಂದಿರಲಿಲ್ಲ. ಅವನ ಕೈಯಲ್ಲಿ ಖಾಲಿ ಬೂಟು ಬಿಸಿಯಾಗಿತ್ತು. ಒಳಗೆ ಹನ್ನೊಂದು ವರ್ಷದ ಹಿಂದಿನ ಐದು ಬೆರಳುಗಳ ಗುಳಿಗಳು, ನುಣ್ಣಗೆ.

"ಕಡೀ ಎರಡು ಸುತ್ತು ನಾನು..." ಎಂದ ಅನಿಕೇತ.

ಹೈಕೆ ಬರಿಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು.

"ಅದನ್ನ ಕೇಳಾಕ ಒಲ್ಲೆ," ಎಂದಳು.