ಶಾಂತವ್ವನ ಖಾಯಂ ವಿಳಾಸ

ಅಮೆರಿಕದ ರೆಸ್ಟನ್ನಿನ ಒಂದು ಶಾಲೆಯ ಊಟದ ಕೋಣೆಯಲ್ಲಿ ಕನ್ನಡ ಕೂಟದ ಗಣೇಶನ ಹಬ್ಬ. ದತ್ತಾತ್ರೇಯ ಕಡುಬಿನ ಪಾತ್ರೆಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. ಅದು ತೊಂಬತ್ತಾರನೆಯ ಇಸವಿ, ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ. ಸಿಟಿಜನ್ ಆದ ಕನ್ನಡಿಗ ಒಬ್ಬನೂ ಓಟರ್ ಪಟ್ಟಿಯಿಂದ ಹೊರಗುಳಿಯಬಾರದು ಎಂಬುದು ಅವನ ಹಟ.

“ಮೊದಲು ಸಹಿ, ಆಮೇಲೆ ಕಡುಬು!” ಎಂದು ಓಟರ್ ಅರ್ಜಿ ಮುಂದೆ ಹಿಡಿದು ಕೂಗುತ್ತಿದ್ದ.

“ಗ್ರೀನ್ ಕಾರ್ಡಿನವರನ್ನ ಉಪವಾಸ ಕಳಿಸ್ತೀರಾ?” ಎಂದಳು ಅವನ ಹೆಂಡತಿ ವರಲಕ್ಷ್ಮಿ.

“ಪಾಪ, ಅವರಿಗೆ ಓಟಿಲ್ಲ ಕಣೇ. ಅವರಿಗೆ ಎರಡೆರಡು ಕಡುಬು.”

“ಹಂಗಾದ್ರ ನನಗೂ ಎರಡು ಹಾಕ್ರಿ,” ಎಂದು ಸಾಲಿನಲ್ಲಿದ್ದ ಶಾಂತವ್ವ ತಟ್ಟೆ ಚಾಚಿದಳು.

ಹಿಂದೆ ಮುಂದೆ ನಿಂತವರೆಲ್ಲ ನಕ್ಕರು. ಶಾಂತವ್ವ ಹುನಗುಂದದ ಕಡೆಯವಳು, ಮಕ್ಕಳ ಡಾಕ್ಟರು. ಅಲ್ಲಿ ನಿಂತಿದ್ದ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದ ಕೈ ಅವಳದು. ಎರಡು ವರ್ಷದ ಹಿಂದೆ ಗಂಡ ದಾನಪ್ಪನಿಗೆ ಪೆಸಿಫಿಕ್ ಸಾಗರದ ಗುವಾಮ್ ಎಂಬ ದ್ವೀಪದಲ್ಲಿ ನೀರು ಸರಬರಾಜಿನ ಕೆಲಸ ಸಿಕ್ಕಿ, ಇಬ್ಬರೂ ಅಲ್ಲಿಗೆ ಹೋಗಿ ನೆಲೆಸಿದ್ದರು. ಈಗ ಮಗಳು ಶ್ರೀದೇವಿಯ ಬಾಣಂತನಕ್ಕೆಂದು ಒಬ್ಬಳೇ ಬಂದಿದ್ದಳು.

“ಡಾಕ್ಟ್ರೇ, ಏನ್ ತಮಾಷೆ ಮಾಡ್ತೀರಿ! ನಾವಿಬ್ರೂ ಒಂದೇ ದಿನ ಓತ್ ತಗೊಂಡಿದ್ವಲ್ಲ?”

“ಸಿಟಿಜನ್ ಹೌದು ದತ್ತಣ್ಣಾ. ಆದ್ರ ಗುವಾಮದಾಗ ಇರೋರಿಗೆ ಅಧ್ಯಕ್ಷನ ಓಟಿಲ್ಲ.”

“ಗುವಾಮ್ ಅಮೆರಿಕದ್ದೇ ತಾನೇ?”

“ಅಮೆರಿಕದ್ದ. ಅದಕ್ಕ ಇಲ್ಲ.”

ದತ್ತಾತ್ರೇಯ ಅರೆಗಳಿಗೆ ತಲೆ ಕೆರೆದುಕೊಂಡ. ಮರುಕ್ಷಣ ಮುಖ ಅರಳಿತು. “ಅಷ್ಟೇನಾ! ಗುವಾಮ್ ನಿಮ್ಮ ಪ್ರೆಸೆಂಟ್ ಅಡ್ರೆಸ್. ಪರ್ಮನೆಂಟ್ ಅಡ್ರೆಸ್ ಮಗಳ ಮನೆ. ನಮ್ಮೂರಲ್ಲಿ ಎಲ್ಲ ಅರ್ಜಿಗೂ ಹಾಗೇ ಬರೆದವರಲ್ವಾ ನಾವು? ಮೂವತ್ತು ವರ್ಷದಿಂದ ನಾನು ಕಾಲಿಡದ ಮನೇನೇ ಇವತ್ತಿಗೂ ನನ್ನ ಖಾಯಂ ವಿಳಾಸ. ಹಾಕಿ ಸಹಿ.”

“ಅಮ್ಮಾ, ಜಸ್ಟ್ ಸೈನ್ ಮಾಡು. ಯಾರು ಚೆಕ್ ಮಾಡ್ತಾರೆ?” ಎಂದಳು ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಶ್ರೀದೇವಿ.

ಶಾಂತವ್ವ ಪೆನ್ನು ತೆಗೆದುಕೊಂಡಳು. ಆಸೆಯಿರಲಿಲ್ಲ ಎಂದರೆ ಸುಳ್ಳಾದೀತು. ಹಿಂದಿನ ಸಲ ಇದೇ ರೆಸ್ಟನ್ನಿನಲ್ಲಿ ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡು ಚಳಿಯಲ್ಲಿ ಓಟಿನ ಸಾಲಿನಲ್ಲಿ ನಿಂತಿದ್ದಳು. ಹೊರಬಂದಾಗ ಎದೆಗೆ ಅಂಟಿಸಿಕೊಂಡಿದ್ದ ‘ಓಟು ಹಾಕಿದೆ’ ಎಂಬ ಚೀಟಿಯನ್ನು ರಾತ್ರಿ ಮಲಗುವವರೆಗೂ ಕಿತ್ತಿರಲಿಲ್ಲ. ಒಂದು ಸಹಿ ಹಾಕಿದರೆ ಈ ಸಲವೂ ಆ ಸಾಲಿಗೆ ಸೇರಿದವಳಾಗುತ್ತಿದ್ದಳು.

ಆದರೆ ಪೆನ್ನಿನ ತುದಿ ಕಾಗದಕ್ಕೆ ತಾಗುವಾಗ ಗುವಾಮಿನಲ್ಲಿ ಪಕ್ಕದ ಮನೆಯ ತಾನ್ ಆನಾ ನೆನಪಾದಳು. ತಾನ್ ಎಂದರೆ ಅಲ್ಲಿಯವರ ಬಾಯಲ್ಲಿ ನಮ್ಮ ಅಜ್ಜಿ, ಅಮ್ಮ ಇದ್ದ ಹಾಗೆ. ಶಾಂತವ್ವ ದ್ವೀಪಕ್ಕೆ ಇಳಿದ ದಿನ ಬಿಸಿ ಅನ್ನ ತಂದುಕೊಟ್ಟ ಮುದುಕಿ. ಅವಳ ಹಿರಿಯ ಮಗ ಅಮೆರಿಕದ ಸೈನ್ಯ ಸೇರಿ ವಿಯೆಟ್ನಾಮಿಗೆ ಹೋದವನು, ಬಾವುಟ ಹೊದ್ದು ಮರಳಿದ. ಅವನನ್ನು ಕಳಿಸಿದ ಅಧ್ಯಕ್ಷನಿಗೆ ಹೌದು ಅನ್ನಲಿಕ್ಕೂ ಅಲ್ಲ ಅನ್ನಲಿಕ್ಕೂ ಆ ತಾಯಿಗೆ ಒಂದು ಓಟಿರಲಿಲ್ಲ. ಬರೆದುಕೊಳ್ಳಲು ಅವಳಿಗೆ ರೆಸ್ಟನ್ನಿನಲ್ಲಿ ಮಗಳ ಮನೆಯೂ ಇಲ್ಲ.

ಶಾಂತವ್ವ ಪೆನ್ನು ಕೆಳಗಿಟ್ಟಳು.

“ಇದರಾಗ ಖಾಯಂ ವಿಳಾಸ ಅನ್ನೂ ಸಾಲೇ ಇಲ್ಲ ದತ್ತಣ್ಣಾ. ಎಲ್ಲಿ ಇರ್ತಿ ಅಂತಷ್ಟ ಕೇಳ್ಯಾರ. ನಾ ಇರೂದು ಗುವಾಮದಾಗ. ನನ್ನ ಓಟೂ ಅಲ್ಲಿಂದನ ಬರಬೇಕು. ಆ ಮೈಕ್ ಕೊಡ್ರಿ ಇಲ್ಲಿ.”

“ಊಟದ ಹೊತ್ತಲ್ಲಿ ಭಾಷಣನಾ?”

“ಮಕ್ಕಳಿಗೆ ಸೂಜಿ ಚುಚ್ಚಿದ್ದಕ್ಕಿಂತ ಲಗೂನ ಮುಗಸ್ತೀನಿ.”

ಮೈಕ್ ಕೈಗೆ ಬಂತು. ಅವಳ ದನಿಗೆ ಅದರ ಅಗತ್ಯವೇನೂ ಇರಲಿಲ್ಲ.

“ನಾ ಇಲ್ಲಿಂದ ಗಂಟುಮೂಟಿ ಕಟ್ಟಿ ಹುನಗುಂದಕ್ಕ ಹೋಗಿ ಕುಂತಿದ್ರ, ಅಧ್ಯಕ್ಷನ ಓಟಿನ ಚೀಟಿ ಟಪಾಲಿನಾಗ ಮನಿ ಬಾಗಿಲಿಗೆ ಬರ್ತಿತ್ತು. ಲಂಡನ್ನಿಗೆ ಹೋದ್ರೂ ಬರ್ತಿತ್ತು. ಅಮೆರಿಕದ ಬಾವುಟ ಹಾರಿದ್ರೂ ರಾಜ್ಯ ಅನಿಸಿಕೊಳ್ಳದ ಗುವಾಮಕ್ಕ ಹೋದೆ ನೋಡ್ರಿ, ನಿಂತಹೋತು! ನಂದಿರಲಿ, ನಾ ಹೋಗಿ ಎರಡು ವರ್ಷ. ಅಲ್ಲೇ ಹುಟ್ಟಿ, ಅಲ್ಲೇ ಮುದುಕರಾದೋರು ಏನು ಮಾಡಬೇಕು? ವಾಷಿಂಗ್ಟನ್ ಇಲ್ಲಿಂದ ಕಾರಿನಾಗ ಅರ್ಧ ತಾಸು. ನಿಮಗ ಓಟೈತಿ, ನಿಮ್ಮ ಮಾತು ಕೇಳ್ತಾರ. ನೀವು ಆರಿಸಿ ಕಳಿಸಿದ ಕಾಂಗ್ರೆಸ್‌ಮನ್‌ಗೆ ಫೋನ್ ಮಾಡಿ ನಮ್ಮ ಸುದ್ದಿ ಹೇಳ್ರಿ.”

“ಹಾಗಾದ್ರೆ ಡಾಕ್ಟ್ರೇ,” ದತ್ತಾತ್ರೇಯ ಕುರ್ಚಿಯಿಂದಲೇ ಕೆಣಕಿದ, “ಆ ದ್ವೀಪ ಏನಾಗ್ಬೇಕು? ಇನ್ನೊಂದು ರಾಜ್ಯಾನಾ, ಬೇರೆ ದೇಶಾನಾ? ನಿಮ್ಮ ಓಟು ಯಾವುದಕ್ಕೆ?”

“ಯಾವುದಕ್ಕೂ ಇಲ್ಲ. ಅದು ನಮ್ಮ ನೆರೆಮನಿ ಮುದುಕಿ ತಾನ್ ಆನಾನ ಮಂದಿ ತೀರ್ಮಾನ ಮಾಡೂ ಮಾತು. ಅವರ ಕಟ್ಟಿ ಮ್ಯಾಲ ಕುಂತು ಉಂಡಾಕಿ ನಾ, ಅವರ ಮನಿ ಹೆಂಗಿರಬೇಕು ಅಂತ ಹೇಳೂದು ನನ್ನ ಕೆಲಸಲ್ಲ. ನನಗ ಬೇಕಾದ್ದು ಅಧ್ಯಕ್ಷನ ಓಟು. ಅದನ್ನ ಬಿಡಾಕಿ ಅಲ್ಲ.”

ಎಲ್ಲರಿಗಿಂತ ಮೊದಲು ವರಲಕ್ಷ್ಮಿ ಚಪ್ಪಾಳೆ ತಟ್ಟಿದಳು. ದತ್ತಾತ್ರೇಯ ಎದ್ದು ಬಂದು ಶಾಂತವ್ವನ ತಟ್ಟೆಗೆ ಎರಡು ಕಡುಬು ಹಾಕಿ, ಒಂದರ ಮೇಲೆ ತುಪ್ಪ ಸುರಿದು, ಮತ್ತೆ ಕುರ್ಚಿಗೆ ಹೋಗಿ ಕೂಗತೊಡಗಿದ: “ಮೊದಲು ಸಹಿ, ಆಮೇಲೆ ಫೋನ್ ಮಾಡ್ತೀನಿ ಅಂತ ಮಾತು, ಆಮೇಲೆ ಕಡುಬು!”

ಅಕ್ಟೋಬರಿನಲ್ಲಿ ಶಾಂತವ್ವ ಗುವಾಮಿಗೆ ಮರಳಿದಳು. ಚುನಾವಣೆಯ ದಿನ ಬೆಳಿಗ್ಗೆ ಅದೇ ಇಳಕಲ್ ಸೀರೆಯುಟ್ಟು, ತಾನ್ ಆನಾಳ ಕೈ ಹಿಡಿದು, ಬೆವರೊರೆಸಿಕೊಳ್ಳುತ್ತ ಸಾಲಿನಲ್ಲಿ ನಿಂತಳು. ವಾಷಿಂಗ್ಟನ್ ಆ ಓಟನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ದ್ವೀಪದವರು ಪ್ರತಿ ಸಲವೂ ಅಧ್ಯಕ್ಷರ ಆಯ್ಕೆಗೂ ಓಟು ಹಾಕಿಯೇ ಹಾಕುತ್ತಾರೆ. ಮನೆಗೆ ಬಂದವಳೇ ರೆಸ್ಟನ್ನಿಗೆ ಫೋನ್ ಹಚ್ಚಿದಳು.

“ದತ್ತಣ್ಣಾ, ಓಟು ಹಾಕಿ ಬಂದೆ.”

“ಇವತ್ತಿನ್ನೂ ಸೋಮವಾರ ಸಂಜೆ, ಡಾಕ್ಟ್ರೇ!”

“ನಿಮಗ. ನಮಗ ಮಂಗಳವಾರ ಬೆಳಗಾಗೇತಿ. ನಾಳೆ ನೀವು ಓಟಿಗೆ ಹೊರಡೂ ಮುಂದ ಕೇಳ್ರಿ, ಇಲ್ಲಿ ಯಾರು ಗೆದ್ರು ಹೇಳ್ತೀನಿ.”

“ಲೆಕ್ಕಕ್ಕೇ ಇಲ್ಲದ ಓಟಿಗೆ ಎಷ್ಟು ಜಂಬ ರೀ ನಿಮಗೆ!”

“ಹಾಕೂದು ನಮ್ಮ ಕೆಲಸ. ಲೆಕ್ಕ ಹಿಡಿಸೂದು ನಿಮ್ಮದು.”

ಪಕ್ಕದಲ್ಲಿ ಕೂತಿದ್ದ ತಾನ್ ಆನಾ ಅವಳ ಸೆರಗೆಳೆದು ಏನೋ ಕೇಳಿದಳು. ಶಾಂತವ್ವ ನಕ್ಕಳು. “ಅಜ್ಜಿ ಕೇಳಾಕತ್ತಾಳ, ಫೋನ್ ಮಾಡಿದಿರೋ ಇಲ್ಲೋ?”

“ಮಾಡ್ದೆ. ಕಾಂಗ್ರೆಸ್‌ಮನ್ ಆಫೀಸಿನಲ್ಲಿ ಎತ್ತಿದ ಹುಡುಗಿಗೆ ಗುವಾಮ್ ಅಮೆರಿಕದ್ದು ಅಂತಲೇ ಗೊತ್ತಿರ್ಲಿಲ್ಲ. ಹೇಳಿಕೊಟ್ಟಿದೀನಿ.”

ಶಾಂತವ್ವ ಅದನ್ನು ಮುದುಕಿಗೆ ತಿಳಿಸಿದಳು. ತಾನ್ ಆನಾ ರಿಸೀವರನ್ನು ತನ್ನ ಕಡೆಗೆಳೆದುಕೊಂಡು, ದನಿ ವಾಷಿಂಗ್ಟನ್ ಮುಟ್ಟುವಷ್ಟು ಜೋರಾಗಿ ಹೇಳಿದಳು: ನಾಳೆ ಮತ್ತೆ ಮಾಡು, ನಾಡಿದ್ದೂ ಮಾಡು.