ಖರೆ ಹೇಳು, ಸುಭದ್ರಾ

“ಇನ್ನೂ ಸ್ವಲ್ಪ ಹೊತ್ತು ತಡೀಬಹುದೇನು? ನೀನೇ ಹೇಳು, ಸುಭದ್ರಾ.”

ಕಾಶೀರಾಮ ಕೇಳಿದಾಗ ಸುಭದ್ರಾಬಾಯಿ ಅವನ ತಂಗಿ ಶೇವಂತಾಬಾಯಿಯ ಶವದ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದಳು.

ಶೇವಂತಾಬಾಯಿ ತೀರಿಕೊಂಡದ್ದು ಹಿಂದಿನ ದಿನ. ಬರದ ವರ್ಷ, ಬೇಸಿಗೆ ಬೇರೆ. ಮನ್ನಳ್ಳಿಯ ಬಾವಿಗಳೆಲ್ಲ ಬತ್ತಿ, ಶವಕ್ಕೆ ನೀರು ಹಾಕುವುದಕ್ಕೂ ಟ್ಯಾಂಕರ್ ಕಾಯಬೇಕಾಗಿತ್ತು. ಅವಳ ಒಬ್ಬನೇ ಮಗ ಪಂಢರಿ ಪುಣೆಯ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದ. ಸಾವಿನ ತಂತಿ ಅವನಿಗೆ ಮುಟ್ಟಿತ್ತು, ಅವನು ಬೀದರಿಗೆ ಬಂದು ಬಸ್ಸು ಹಿಡಿಯಬೇಕಾಗಿತ್ತು. ಬುದ್ಧ ವಂದನೆ ಮುಗಿಸಿ ಎಲ್ಲರೂ ಅವನ ದಾರಿ ನೋಡುತ್ತಿದ್ದರು.

“ದವಾಖಾನಿಯೊಳಗ ಜನ್ಮ ಕಳದಾಕಿ ನೀ. ನಿನಗ ತಿಳೀತದ,” ಎಂದ ಕಾಶೀರಾಮ.

ಪಕ್ಕದ ಮನೆಯ ಸಖುಬಾಯಿ ಕಣ್ಣೊರೆಸಿಕೊಂಡಳು. “ನಮ್ಮ ಅತ್ತಿ ಕಾಲಾಗ ಹುಳ ಬಿದ್ದಿದ್ವು. ಹೆತ್ತ ಮಕ್ಕಳೇ ಹತ್ರ ಬರಲಿಲ್ಲ. ಶೇವಂತಾಬಾಯಿ ಒಂದು ದಿನಾನೂ ಮೂಗಿಗಿ ಸೆರಗ ಹಿಡೀಲಿಲ್ಲರಿ. ದೇವರಂಥಾಕಿ.”

ಸುಭದ್ರಾಬಾಯಿ ತಲೆ ತಗ್ಗಿಸಿದಳು. ಶೇವಂತಾಬಾಯಿ ಯಾಕೆ ಮೂಗು ಮುಚ್ಚಲಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

*

ಅದು ಹಿಂದಿನ ಮಾತು, ಎಪ್ಪತ್ತೆರಡನೇ ಇಸವಿಯ ಬರ. ಭಾಲ್ಕಿಯ ದವಾಖಾನೆಯಲ್ಲಿ ಶೇವಂತಾಬಾಯಿ ನರ್ಸು, ಸುಭದ್ರಾ ಆಯಾ. ಔರಾದ ಕಡೆಯ ಭೀಮಬಾಯಿ ಎಂಬವಳು ಕೆರೆಯ ಕಾಮಗಾರಿಯಲ್ಲಿ ಮಣ್ಣು ಹೊರುತ್ತಲೇ ಹೆತ್ತು ಅಲ್ಲಿಗೆ ಬಂದಿದ್ದಳು. ಜ್ವರ ಇಳಿದಿದೆ ಎಂದು ಶೇವಂತಾಬಾಯಿ ಅವಳನ್ನು ಮನೆಗೆ ಕಳಿಸಿದಳು. ಆಮೇಲೆ ಹಾಸಿಗೆ ತೆಗೆಯಲು ಹೋದ ಸುಭದ್ರಾಳಿಗೆ ಕೊಳೆತ ನಾತ ಬಡಿಯಿತು. ಬಾಣಂತಿಯ ಮೈಯಲ್ಲಿ ಅಂಥ ನಾತ ಬಂದರೆ ಒಳಗೆ ನಂಜಾಗಿದೆ, ಜೀವಕ್ಕೇ ಅಪಾಯ ಎಂದು ಅವಳಿಗೆ ತಿಳಿದಿತ್ತು. ನರ್ಸಿನ ತಪ್ಪು ಎತ್ತಿ ಆಡಿದರೆ ಕೆಲಸ ಹೋದೀತೆಂದು ಹೆದರುತ್ತಲೇ ಹೇಳಿದಳು:

“ಬಾಯಿ, ಆಕಿ ಹಾಸಿಗಿ ಭಾಳ ನಾರ್ತದರಿ.”

ಶೇವಂತಾಬಾಯಿಯ ಮುಖ ಬಿಳಿಚಿಕೊಂಡಿತು. “ನನಗ ಗೊತ್ತಾಗಲಿಲ್ಲ. ನನಗ ಯಾವ ವಾಸನಿನೂ ಬರಂಗಿಲ್ಲ, ಸುಭದ್ರಾ. ಸಣ್ಣಾಕಿ ಇದ್ದಾಗ ಜ್ವರ ಬಂದು ಮೂಗಿನ ಶಕ್ತಿನೇ ಹೋಗಿಬಿಟ್ಟದ. ಯಾರಿಗೂ ಹೇಳಬ್ಯಾಡ. ಎಲ್ಲಿ ಹೋದಳು ಆಕಿ?”

ಭೀಮಬಾಯಿಯ ಮನೆಯವರು ಹೈದರಾಬಾದಿಗೆ ದುಡಿಯಲು ಹೊರಟಿದ್ದರು. ಇಬ್ಬರೂ ಸ್ಟೇಶನ್ನಿಗೆ ಓಡಿದರು. ಗಾಡಿ ಬಂದು ನಿಂತಿತ್ತು. ಗಂಟುಮೂಟೆ, ಕೊಡ, ಕೋಳಿ, ಅಳುವ ಮಕ್ಕಳು. ಹೆಂಗಸರೆಲ್ಲ ಮುಖದ ತುಂಬ ಸೆರಗು ಎಳೆದಿದ್ದರು. “ಭೀಮಬಾಯಿ!” ಎಂದು ಶೇವಂತಾಬಾಯಿ ಕಿಟಕಿ ಕಿಟಕಿಗೂ ಕೂಗಿದಳು. ಗಾಡಿಯಿಂದ ಇಳಿಸಿಯಾರೆಂಬ ಅಂಜಿಕೆಗೆ ಯಾರೂ ಓಗೊಡಲಿಲ್ಲ.

“ನೀ ಹತ್ತು, ಸುಭದ್ರಾ! ನನಗ ಕಣ್ಣಿದ್ದೂ ಉಪಯೋಗ ಇಲ್ಲ.”

ಬೆವರು, ಬೀಡಿ, ಬುತ್ತಿಯ ರೊಟ್ಟಿ, ಮಕ್ಕಳ ಉಚ್ಚೆ. ಇಷ್ಟೆಲ್ಲದರ ನಡುವೆ ಆ ಒಂದು ನಾತ ಹಿಡಿದು ಸುಭದ್ರಾ ಜನರನ್ನು ತಳ್ಳಿಕೊಂಡು ನಡೆದಳು. ಬೋಗಿಯ ಮೂಲೆಯಲ್ಲಿ ಭೀಮಬಾಯಿ ಮುದುಡಿ ಬಿದ್ದಿದ್ದಳು. ಮೈ ಕೆಂಡವಾಗಿತ್ತು. ಗಂಡ ಅಡ್ಡ ನಿಂತ. “ಇಳದ್ರ ಕೂಲಿಗಿ ಕರಕೊಂಡು ಹೊಂಟ ಮುಕಾದಮ ನಮ್ಮನ್ನ ಬಿಟ್ಟು ಹೋಗ್ತಾನರಿ.” ಗಾಡಿ ಸಿಳ್ಳು ಹಾಕಿತು. ಹಿಂದೆಯೇ ಬಂದ ಶೇವಂತಾಬಾಯಿ ಅವನ ತೋಳಿನಿಂದ ಕೂಸನ್ನು ಕಸಿದುಕೊಂಡು ಇಳಿದೇಬಿಟ್ಟಳು. ಗಂಡ ಬೈಯುತ್ತ ಹೆಂಡತಿಯನ್ನು ಹೊತ್ತು ಇಳಿದ.

ಭೀಮಬಾಯಿ ಬದುಕಿದಳು. ಅಂದಿನಿಂದ ಪ್ರತಿ ಗಾಯದ ಪಟ್ಟಿ ಬಿಚ್ಚುವಾಗಲೂ ಸುಭದ್ರಾ ಪಕ್ಕದಲ್ಲಿರುತ್ತಿದ್ದಳು. ನಾತವಿದ್ದರೆ ಸುಮ್ಮನೆ ಶೇವಂತಾಬಾಯಿಯ ಮೊಣಕೈ ಮುಟ್ಟುತ್ತಿದ್ದಳು. ಗುಟ್ಟು ಹೊರಬೀಳಲಿಲ್ಲ. ಆದರೆ ಶೇವಂತಾಬಾಯಿಯ ಅಂಜಿಕೆ ಹೋಗಲಿಲ್ಲ. ದಿನಾ ಸಂಜೆ ನಳದ ಹತ್ತಿರ ಚರ್ಮ ಕೆಂಪಾಗುವಂತೆ ಸಾಬೂನು ತಿಕ್ಕಿಕೊಂಡು ಕೇಳುತ್ತಿದ್ದಳು:

“ನನ್ನ ಮೈ ನಾರ್ತದೇನು? ಪಂಢರಿನ್ನ ಎತ್ಕೋಬೇಕು. ಖರೆ ಹೇಳು, ಸುಭದ್ರಾ.”

ಹೌದೆಂದರೆ ಮತ್ತೆ ತೊಳೆದುಕೊಳ್ಳುತ್ತಿದ್ದಳು. ಇಲ್ಲವೆಂದರೂ ಕೂಸನ್ನು ತುಸು ದೂರವೇ ಹಿಡಿಯುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗಲೂ ಸುಭದ್ರಾಳ ಕೈ ಹಿಡಿದು ಹೇಳಿದ್ದಳು, “ನಾ ನಾರೂತನಕ ಇಟ್ಕೋಬ್ಯಾಡ್ರಿ. ಮಂದಿ ಮೂಗ ಮುಚ್ಚಬಾರದು. ನೀನೇ ನೋಡ್ಕೋಬೇಕು.”

*

ಸುಭದ್ರಾಬಾಯಿ ಶವದ ಮೇಲೆ ಬಾಗಿದಳು. ಊದುಬತ್ತಿಯ ಹೊಗೆಯ ಕೆಳಗೆ ನಾತ ಶುರುವಾಗಿತ್ತು. ಹೌದೆಂದರೆ ಮಗನಿಗೆ ತಾಯಿಯ ಮುಖ ಸಿಗುವುದಿಲ್ಲ. ಇಲ್ಲವೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಅಂಗಳವೇ ಖಾಲಿಯಾಗುತ್ತದೆ. ತಿರುಗಿ ನೋಡಿದಳು. ಸಖುಬಾಯಿಯ ಸೆರಗು ಆಗಲೇ ಮೂಗಿನ ಹತ್ತಿರ ಬಂದಿತ್ತು.

“ಎತ್ತರಿ, ಅಣ್ಣಾ.”

“ಮತ್ತ ಪಂಢರಿ?”

“ಬಾಯಿಯವರೇ ಹೇಳಿ ಹೋಗ್ಯಾರ. ಎತ್ತರಿ.”

ಊರ ಹೊರಗಿನ ಮಸಣದಲ್ಲಿ ಇನ್ನೇನು ಕುಣಿಗೆ ಇಳಿಸಬೇಕು, ಅಷ್ಟರಲ್ಲಿ ರಸ್ತೆಯ ಕಡೆಯಿಂದ ಪಂಢರಿ ಓಡಿಬಂದ. ಪ್ಯಾಂಟಿನ ತುಂಬ ಡಾಂಬರಿನ ಕಲೆ. ಚಟ್ಟ ಕೆಳಗಿಟ್ಟು ಜನ ಹಿಂದೆ ಸರಿದರು. ಬಿಸಿಲಿಗೆ ನಾತ ಈಗ ಎಲ್ಲರಿಗೂ ಬಡಿಯುತ್ತಿತ್ತು.

“ದೂರದಿಂದ ನೋಡಪ್ಪಾ,” ಎಂದ ಕಾಶೀರಾಮ.

ಪಂಢರಿ ಕೇಳಲಿಲ್ಲ. ಮುಖದ ಮೇಲಿನ ಬಟ್ಟೆ ಸರಿಸಿ ಮೊಣಕಾಲೂರಿದ. ಈಗ ಹಿಂದೆ ಸರಿಯುತ್ತಾನೆ, ಈಗ ಮೂಗಿಗೆ ಕೈ ಹೋಗುತ್ತದೆ ಎಂದು ಸುಭದ್ರಾಬಾಯಿ ಅವನನ್ನೇ ನೋಡುತ್ತ ನಿಂತಳು.

ಅವನು ಎರಡೂ ಕೈಗಳಿಂದ ತಾಯಿಯ ತಲೆಯನ್ನು ಎತ್ತಿಕೊಂಡು, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ, ಉದ್ದಕ್ಕೆ ಉಸಿರೆಳೆದುಕೊಂಡ. ಮುಖ ಮೇಲೆತ್ತಲಿಲ್ಲ.