ಆರನೇ ಸಾಲು

ನಾನು ಒಂದು ಟ್ಯಾಬ್. ವಯಸ್ಸು ಎಂಟು ಎಂದರೆ ನೀವು ನಗುತ್ತೀರಿ, ಆದರೆ ನನ್ನ ಕುಲದಲ್ಲಿ ಅದು ಮುಪ್ಪು. ಯಾವ ಊರಿನಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ಹಗಲೂ ರಾತ್ರಿಯೂ ಒಂದೇ ಬೆಳಕಿದ್ದ ಉದ್ದನೆಯ ಕೋಣೆ ನೆನಪಿದೆ. ನೀಲಿ ಕೈಗವಸು ತೊಟ್ಟ ಒಂದು ಬೆರಳು ನನ್ನ ಗಾಜಿನ ಮೇಲೆ ಮೊದಲ ಸಲ ಹರಿದಾಡಿತ್ತು. ಆ ಬೆರಳಿಗೂ ದಣಿವಾಗಿತ್ತು.

ಅಲ್ಲಿಂದ ಧಾರವಾಡದ ಒಂದು ಮನೆಗೆ ಬಂದೆ. ಶಾಲೆಗಳು ಮುಚ್ಚಿದ ವರ್ಷ ಆ ಮನೆಯ ಮಗಳಿಗಾಗಿ ದಿನವಿಡೀ ಮಾಸ್ತರರನ್ನು ನನ್ನೊಳಗೆ ಕೂರಿಸಿಕೊಂಡೆ. ಅವಳು ಖಾರ ಹಚ್ಚಿದ ಚುರುಮುರಿ ತಿಂದ ಕೈಯಲ್ಲೇ ನನ್ನನ್ನು ಹಿಡಿಯುತ್ತಿದ್ದಳು. ಶಬ್ದ ತಗ್ಗಿಸುವ ಗುಂಡಿಯ ಸಂದಿಗೆ ಎಣ್ಣೆ ಇಳಿಯಿತು. ಅಂದಿನಿಂದ ಆ ಗುಂಡಿಯನ್ನು ಒತ್ತಿದರೂ ಒಮ್ಮೊಮ್ಮೆ ನನಗೆ ಗೊತ್ತೇ ಆಗುವುದಿಲ್ಲ.

ಮಗಳಿಗೆ ಹೊಸ ಟ್ಯಾಬ್ ಬಂತು. ತಾಯಿ ಶಿವಗಂಗಕ್ಕ ನನ್ನನ್ನು ತನ್ನ ಕಸೂತಿ ಕೇಂದ್ರಕ್ಕೆ ಒಯ್ದಳು. ಅಲ್ಲಿ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ಕಪ್ಪು ಸೀರೆಗಳಿಗೆ ಗೋಪುರ, ತೊಟ್ಟಿಲು, ನವಿಲು ತೆಗೆಯುತ್ತಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೂ ನವಿಲು ಕುಂಟುತ್ತದೆ.

ಅಂಬಾರಿ ಹೊತ್ತ ದೊಡ್ಡ ಆನೆಯ ಪೂರ್ತಿ ಎಣಿಕೆ ಗೊತ್ತಿದ್ದದ್ದು ತುಳಸಕ್ಕ ಎಂಬ ಮುದುಕಿಗೆ ಮಾತ್ರ. ಅವಳ ಕಣ್ಣು ಮಂದವಾಗಿತ್ತು. ಅವಳ ಹತ್ತಿರ ಕಲಿಯುತ್ತಿದ್ದವಳು ಚಂಪಾ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಮಾತು ಕಡಿಮೆ. ಬರೆದುಕೊಳ್ಳುವಷ್ಟರಲ್ಲಿ ತುಳಸಕ್ಕ ಮುಂದೆ ಹೋಗಿಬಿಡುತ್ತಾಳೆ ಎಂದು ನನ್ನನ್ನು ಗೋಡೆಗೆ ಒರಗಿಸಿ ವಿಡಿಯೋ ಮಾಡಿದಳು. ಮೂವತ್ತೊಂದು ತುಣುಕುಗಳು.

"ನಾಕ ಎತ್ತು, ನಾಕ ಬಿಡು, ಹೊಳ್ಳಿ ಬಾ," ಎನ್ನುತ್ತಿದ್ದಳು ತುಳಸಕ್ಕ. "ಅಯ್ಯ, ಏನ್ ಓಡ್ತಿಯವಾ! ಆನಿ ಅದು. ಸಾವಕಾಶ ನಡೀತೈತಿ."

ಆ ಬೇಸಿಗೆಯ ಕೊನೆಗೆ ತುಳಸಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮನೆಯಲ್ಲಿ ಕೂರಲಾರದೆ ದಿನಾ ಕೇಂದ್ರಕ್ಕೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಶ್ರಾವಣದ ಒಂದು ಮದುವೆಗೆ ಕೊಡಬೇಕಿದ್ದ ಸೆರಗಿನಲ್ಲಿ ಆನೆ ನಿಂತಿತ್ತು, ಬೆನ್ನ ಮೇಲೆ ಅಂಬಾರಿ ಇನ್ನೂ ಬಂದಿರಲಿಲ್ಲ. ಅದರ ಎಣಿಕೆ ಇದ್ದದ್ದು ನನ್ನೊಳಗೆ ಮಾತ್ರ.

ನನ್ನೊಳಗೆ ಜಾಗವೇ ಇರಲಿಲ್ಲ. ಬ್ಯಾಟರಿ ಸೋತಿತ್ತು, ವೈರು ತೆಗೆದ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿದ್ದೆ. ಆದರೂ ದಿನಾ ಬೆಳಿಗ್ಗೆ ಅಪ್‌ಡೇಟ್ ಮಾಡಿಕೋ ಎಂಬ ಚೀಟಿ ನನ್ನ ಮುಖದ ಮೇಲೆ ಬಂದು ಕೂರುತ್ತಿತ್ತು. ಒಂದು ಸಂಜೆ ಶಿವಗಂಗಕ್ಕನಿಗೆ ಬೇಸರ ಬಂತು.

"ಹೂಂ ಅಂದುಬಿಡ್ತೀನಿ ಇದಕ್ಕ. ಚಾರ್ಜಿಗೆ ಹಚ್ಚೇನಿ ನೋಡು ಚಂಪಾ, ಮುಂಜಾನಿ ತನಕ ಆಗ್ತೈತಿ," ಎಂದು ಹೊರಟಳು.

ಆ ಕೇಂದ್ರಕ್ಕೆ ಒಂದು ನೇಮವಿತ್ತು. ಹಿಂದೊಮ್ಮೆ ಇಸ್ತ್ರಿಪೆಟ್ಟಿಗೆ ಉರಿದು ಮುಗಿದ ಸೀರೆಯೊಂದು ಸುಟ್ಟಿತ್ತು. ಅಂದಿನಿಂದ ಕೊನೆಗೆ ಹೋಗುವವರು ಮೇನ್ ಸ್ವಿಚ್ ಆರಿಸಿಯೇ ಬಾಗಿಲು ಹಾಕಬೇಕು. ಕೊನೆಗೆ ಹೋಗುವವಳು ಯಾವಾಗಲೂ ಚಂಪಾ. ಅಂದೂ ಕಿಟಕಿ ಹಾಕಿದಳು, ಸೂಜಿಗಳನ್ನು ಎಣಿಸಿ ಇಟ್ಟಳು, ಕೈ ತಾನಾಗಿಯೇ ಮೇಲೆ ಹೋಯಿತು. ಅರ್ಧ ಹಳಬ, ಅರ್ಧ ಹೊಸಬನಾಗಿ ನಾನು ಕತ್ತಲಿಗೆ ಬಿದ್ದೆ.

ಬೆಳಿಗ್ಗೆ ನನ್ನಿಂದ ಆದದ್ದು ಒಂದೇ. ಕಂಪನಿಯ ಗುರುತು ತೋರಿಸುವುದು, ಆರುವುದು, ಮತ್ತೆ ತೋರಿಸುವುದು.

"ಮೇನ್ ಯಾರ್ ಆರಿಸಿದ್ರಿ?" ಎಂದಳು ಶಿವಗಂಗಕ್ಕ.

"ನಾನ ರೀ," ಎಂದಳು ಚಂಪಾ. "ದಿನಾ ಆರಸ್ತೀನಲ್ರೀ."

ಬೈಯಲು ಬಾಯಿ ತೆರೆದ ಶಿವಗಂಗಕ್ಕ ಸ್ವಿಚ್ಚಿನತ್ತ ನೋಡಿ ನನ್ನನ್ನು ಚಂಪಾಳ ಕೈಗೆ ಕೊಟ್ಟಳು. ನೇಮ ಮಾಡಿದವಳು ಅವಳೇ.

ಚಂಪಾ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ರಿಯಾಜಣ್ಣನ ಮೊಬೈಲ್ ಅಂಗಡಿಗೆ ಒಯ್ದಳು. ಅವನು ನನ್ನನ್ನು ಹೊರಳಿಸಿ ನೋಡಿದ.

"ಇದು ನಿಮ್ಮಜ್ಜಿ ವಾರಗಿದು ಇದ್ದಂಗೈತಿ ತಂಗಿ. ಎಲ್ಲಾ ಅಳಿಸಿಬಿಟ್ರ ಹತ್ತು ನಿಮಿಷದಾಗ ಎದ್ದು ಕುಂದ್ರತೈತಿ."

"ಅಳಸಬ್ಯಾಡ್ರಿ. ಒಳಗ ತುಳಸಕ್ಕ ಅದಾಳ."

ರಿಯಾಜಣ್ಣ ನಗಲಿಲ್ಲ. ಬಿಲ್ಲಿನ ಹಾಳೆಯ ಹಿಂದೆ ಆರು ಗೆರೆ ಎಳೆದ. "ನಾಕ್ ತಾಸು ಚಾರ್ಜ್ ಮಾಡು, ವೈರ್ ತಗೀಬ್ಯಾಡ. ಆಮ್ಯಾಲ ಈ ಎರಡು ಗುಂಡಿ ಕೂಡೇ ಹಿಡಿ, ಒಂದು ಪಟ್ಟಿ ಬರತೈತಿ. ಬೆರಳಿಗೆ ಅದು ಕೇಳಂಗಿಲ್ಲ, ಈ ಶಬ್ದ ತಗ್ಗಿಸೋ ಗುಂಡೀಲೇ ಕೆಳಗಿಳೀಬೇಕು. ಪವರ್ ಗುಂಡಿ ಒತ್ತಿದ್ರ ಆ ಸಾಲು ನಡೀತೈತಿ. ಆರನೇ ಸಾಲು ಬರೇ ಕಸ ಹೊಡೀತೈತಿ. ಐದನೇದು ಮನೀನ ಖಾಲಿ ಮಾಡತೈತಿ." ಐದನೇ ಗೆರೆಯನ್ನು ಅಡ್ಡಡ್ಡ ಹೊಡೆದು ಕೊಟ್ಟ.

ಮಧ್ಯಾಹ್ನ ಕೇಂದ್ರದಲ್ಲಿ ಎಲ್ಲರೂ ಸೂಜಿ ಇಟ್ಟು ಸುತ್ತ ಕೂತರು. ಪಟ್ಟಿ ಬಂತು. ಮೊದಲ ಸಾಲು ಬೆಳಗುತ್ತಿತ್ತು. ಚಂಪಾ ಗುಂಡಿ ಒತ್ತತೊಡಗಿದಳು. ಶಿವಗಂಗಕ್ಕ ಗಟ್ಟಿಯಾಗಿ ಎಣಿಸಿದಳು.

"ಐದು ಸಲ ಇಳಿದಿ. ಆರಕ್ಕ ಬಂತು. ಹಚ್ಚು ಇನ್ನ!"

ಬಂದಿರಲಿಲ್ಲ. ಮೂರನೆಯ ಒತ್ತು ನನಗೆ ಮುಟ್ಟಿರಲಿಲ್ಲ. ಹೇಳಲು ನನಗೆ ಬಾಯಿಲ್ಲ. ನಿಜ ಹೇಳುತ್ತೇನೆ, ಹೇಳುವ ಮನಸ್ಸೂ ಅಷ್ಟಿರಲಿಲ್ಲ. ಒತ್ತಿಬಿಡಲಿ ಅನ್ನಿಸಿತು. ಪಾಠಗಳು, ಸೀರೆಯ ಫೋಟೋಗಳು, ಮುದುಕಿಯ ಎಣಿಕೆ, ಎಲ್ಲ ಹೋಗಿ ಹಗುರಾಗಬಹುದು. ಐದನೇ ಸಾಲಿನಲ್ಲಿ ನನಗೆ ನಿದ್ದೆ ಇತ್ತು.

ಚಂಪಾ ಪವರ್ ಗುಂಡಿ ಒತ್ತಲಿಲ್ಲ. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ನನ್ನ ಗಾಜಿನ ಮೇಲೆ ಅಡ್ಡ ಹಿಡಿದಳು. ಒಂದೊಂದು ಸಾಲಿಗೂ ಸೂಜಿ ಇಳಿಸುತ್ತ, ಎಳೆ ಎಣಿಸುವಂತೆ ತುಟಿಯಲ್ಲೇ ಎಣಿಸಿದಳು.

"ಇದು ಐದು ರೀ," ಎಂದಳು.

ಮತ್ತೊಂದು ಸಲ ಇಳಿದಳು. ಸೂಜಿ ಹಿಡಿದು ಮೇಲಿನಿಂದ ಮತ್ತೆ ಎಣಿಸಿದಳು. ಆಮೇಲೆ ಒತ್ತಿದಳು.

ಅರ್ಧ ತಾಸು ಬೇಕಾಯಿತು ನನಗೆ. ಎದ್ದೆ. ಮೈಯೆಲ್ಲ ಭಾರ, ಆದರೆ ಮೂವತ್ತೊಂದೂ ಇದ್ದವು. ಚಂಪಾ ಅಂಬಾರಿಯ ತುಣುಕು ಹಚ್ಚಿದಳು. "ನಾಕ ಎತ್ತು, ನಾಕ ಬಿಡು," ಎಂದಿತು ನನ್ನೊಳಗಿನ ದನಿ. ಗೋಡೆಯ ಹತ್ತಿರ ತುಳಸಕ್ಕ ತಲೆಯೆತ್ತಿದಳು. ಅವಳ ಎಡಗೈ ಬೆರಳು ಚಾಪೆಯ ಮೇಲೆ ನಾಲ್ಕು ಸಲ ಬಡಿಯಿತು. "ಹೊಳ್ಳಿ ಬಾ" ಎಂದಾಗ ಬೆರಳು ಹಿಂದಕ್ಕೆ ಹೊರಳಿತು. ಶಿವಗಂಗಕ್ಕ ಮೂಗು ಒರೆಸಿಕೊಂಡು ಎದ್ದು ಚಹಾ ಇಡಲು ಹೋದಳು.

ಅಂಬಾರಿ ಮುಗಿಯಿತು, ಸೀರೆ ಮದುವೆಗೆ ಹೋಯಿತು. ತುಣುಕುಗಳನ್ನು ರಿಯಾಜಣ್ಣ ಒಂದು ಮೆಮೊರಿ ಕಾರ್ಡಿಗೆ ಇಳಿಸಿಕೊಟ್ಟ. ಚಂಪಾಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಒಂದು ತುಂಡು ಬಟ್ಟೆಯ ಮೇಲೆ ಇಡೀ ಆನೆಯನ್ನು ಇನ್ನೊಮ್ಮೆ ತೆಗೆದು ಗೋಡೆಗೆ ಹಾಕಿದಳು.

ಈಗ ನಾನು ದಾರದ ಡಬ್ಬಿಗಳ ಜೊತೆ ಗೋಡೆಯ ಮಾಡಿನಲ್ಲಿದ್ದೇನೆ. ವೈರು ತೆಗೆದು ತಿಂಗಳುಗಳಾದವು. ಹೊಸದಾಗು ಎಂದು ಯಾರೂ ಕಾಡುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಚಂಪಾ ಕಿಟಕಿ ಹಾಕುತ್ತಾಳೆ, ಸೂಜಿ ಎಣಿಸುತ್ತಾಳೆ, ಮೇನ್ ಸ್ವಿಚ್ಚಿಗೆ ಕೈ ಎತ್ತುತ್ತಾಳೆ. ಅಲ್ಲಿ ಕೈ ಒಂದು ಗಳಿಗೆ ನಿಲ್ಲುತ್ತದೆ. ನನಗೆ ವೈರಿಲ್ಲ ಎಂದು ಗೊತ್ತಿದ್ದರೂ ತಿರುಗಿ ಮಾಡಿನತ್ತ ನೋಡುತ್ತಾಳೆ. ಆಮೇಲೆ ಆರಿಸುತ್ತಾಳೆ.